ಮೊದಲ ಇಂಪ್ಲಾಂಟ್ ಕಾಲೇಜಿನಲ್ಲೇ ಆಗಲಿ: ದಂತ ಶಿಕ್ಷಣ ನಡೆಸುವವರಿಗೆ ಮುಂಬೈಯಿಂದ ಬಹಿರಂಗ ಪತ್ರ

ಮಾನ್ಯರೇ,

ಇದು ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕುಲಪತಿಗಳಿಗೆ, ದೆಹಲಿಯಲ್ಲಿ ಕೂತು ಬಿಡಿಎಸ್ (ದಂತವೈದ್ಯ ಪದವಿ) ಪಠ್ಯಕ್ರಮ ತಿದ್ದುವವರಿಗೆ, ಮತ್ತು ಮುಂಬೈಯ ದಂತ ಕಾಲೇಜುಗಳ ಡೀನ್‌ಗಳಿಗೆ ಬರೆದ ಪತ್ರ. ನಿಮ್ಮ ಕಚೇರಿಗಳಿಗೆ ಇಂಗ್ಲಿಷ್ ಪ್ರತಿ ಬೇರೆಯಾಗಿ ಹೋಗಿದೆ. ಕನ್ನಡದಲ್ಲೂ ಬರೆಯುತ್ತಿರುವುದು ಮಾಟುಂಗಾ, ಸಾಂತಾಕ್ರೂಜ್, ಭಾಂಡುಪ್, ಡೊಂಬಿವಿಲಿಯ ನಮ್ಮವರು ಓದಲಿ ಅಂತ. ಅವರಲ್ಲಿ ಎಷ್ಟೋ ಮಂದಿ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಹಲ್ಲು, ಹಾಕಿಸಿಕೊಂಡಿದ್ದಾರೆ. ಇನ್ನೆಷ್ಟೋ ಮಂದಿ ಹಾಕಿಸಬೇಕೋ ಬೇಡವೋ ಎಂಬ ಯೋಚನೆಯಲ್ಲಿದ್ದಾರೆ. ಕೆಲವರು ಮಗಳನ್ನೋ ಮಗನನ್ನೋ ಇಲ್ಲಿಯೋ, ಊರ ಕಡೆ ಮಂಗಳೂರು, ಮಣಿಪಾಲ, ಬೆಳಗಾವಿಯಲ್ಲೋ ಬಿಡಿಎಸ್‌ಗೆ ಸೇರಿಸಿ ಸಾಲದ ಕಂತು ಕಟ್ಟುತ್ತಿದ್ದಾರೆ. ಈ ಮೂರೂ ಬಗೆಯವರಿಗೆ ಇದರಲ್ಲಿ ಪಾಲಿದೆ.

ನಾನು ಭಾಂಡುಪ್‌ನಲ್ಲಿ ಕ್ಲಿನಿಕ್ ನಡೆಸುವ ಬಿಡಿಎಸ್ ಡಾಕ್ಟರ್. ಎಂಡಿಎಸ್, ಅಂದರೆ ತಜ್ಞರಾಗುವ ಮುಂದಿನ ಓದು, ಮಾಡಿಲ್ಲ. ಹಲ್ಲು ಕೀಳುವುದು, ರೂಟ್ ಕೆನಾಲ್, ಕ್ಯಾಪ್, ಸೆಟ್ ಹಲ್ಲು, ಮಕ್ಕಳ ಹುಳುಕು ಹಲ್ಲು, ಇದೇ ನನ್ನ ದಿನದ ಕೆಲಸ. ಈ ದೇಶದಲ್ಲಿ 300ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಅಲ್ಲಿಂದ ಹೊರಬರುವ ಹೆಚ್ಚಿನವರು ನನ್ನ ಹಾಗೆಯೇ ಗಲ್ಲಿಯಲ್ಲೊಂದು ಕ್ಲಿನಿಕ್ ಹಾಕುತ್ತಾರೆ, ಇಲ್ಲವೇ ಬೇರೆಯವರ ಕ್ಲಿನಿಕ್‌ನಲ್ಲಿ ಕೂರುತ್ತಾರೆ. ಅವರ ಪರವಾಗಿ ನಾನು ಕೇಳುವುದು ಇಷ್ಟು: ಬಿಡಿಎಸ್ ಓದುವ ಪ್ರತಿಯೊಬ್ಬರೂ ತಮ್ಮ ಮೊದಲ ಇಂಪ್ಲಾಂಟ್ ರೋಗಿಯನ್ನು ಕಾಲೇಜಿನಲ್ಲೇ, ಮೇಷ್ಟ್ರ ಕಣ್ಣೆದುರಿಗೇ, ಮೊದಲ ಎಕ್ಸ್‌ರೇಯಿಂದ ಹಿಡಿದು ಒಂದು ವರ್ಷದ ತಪಾಸಣೆಯವರೆಗೂ ನೋಡಿಕೊಳ್ಳುವಂತೆ ಮಾಡಿ.

ಈಗ ಏನಾಗುತ್ತಿದೆ ಅಂತ ನಿಮಗೆ ಗೊತ್ತಿದೆ. ಆದರೂ ಓದುಗರಿಗಾಗಿ ಹೇಳುತ್ತೇನೆ. 2007ರ ಬಿಡಿಎಸ್ ನಿಯಮಾವಳಿಯಲ್ಲಿ ಇಂಪ್ಲಾಂಟ್ ವಿಷಯ ಇದೆ. ಕೆಲವು ಲೆಕ್ಚರ್ ನಡೆಯುತ್ತವೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಒಂದೆರಡು ಪ್ರಶ್ನೆ ಬಂದರೂ ಬಂತು. ನಾಲ್ಕು ವರ್ಷದ ಓದು, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಇಷ್ಟರಲ್ಲಿ ಹೆಚ್ಚಿನ ವಿದ್ಯಾರ್ಥಿಗಳಿಗೆ ಸಿಗುವುದು ಪಿಜಿಗಳು (ಎಂಡಿಎಸ್ ಓದುತ್ತಿರುವವರು) ಇಂಪ್ಲಾಂಟ್ ಹಾಕುವಾಗ ಅವರ ಹೆಗಲ ಮೇಲಿಂದ ಇಣುಕುವ ಅವಕಾಶ. ಬಾಯಿಯ ಎಂಜಲು-ರಕ್ತ ಎಳೆಯುವ ಸಕ್ಷನ್ ನಳಿಗೆ ಹಿಡಿಯಲು ಸಿಕ್ಕವರು ಪುಣ್ಯವಂತರು. ತೆಂಗಿನ ಮರ ಹತ್ತುವುದನ್ನು ಕೆಳಗೆ ನಿಂತು ನೋಡಿ ಕಲಿತ ಹಾಗೆ ಇದು.

ಆಮೇಲೆ ಡಿಗ್ರಿ ಸಿಗುತ್ತದೆ. ರಿಜಿಸ್ಟ್ರೇಷನ್ ಆಗುತ್ತದೆ. ಅಲ್ಲಿಂದ ಮುಂದೆ ಫೋನ್‌ಗೆ ಮೆಸೇಜ್‌ಗಳು ಶುರು. ಶನಿವಾರ-ಭಾನುವಾರದ ಕೋರ್ಸ್, ಹೋಟೆಲ್‌ನ ಹವಾನಿಯಂತ್ರಿತ ಹಾಲ್, ಊಟ-ತಿಂಡಿ ಸಮೇತ. ಮೊದಲ ದಿನ ಸ್ಲೈಡ್‌ಗಳು, ಎರಡನೇ ದಿನ ಪ್ಲಾಸ್ಟಿಕ್ ದವಡೆಯಲ್ಲಿ ಡ್ರಿಲ್. ಸಂಜೆಗೆ ಸರ್ಟಿಫಿಕೇಟ್, ಗ್ರೂಪ್ ಫೋಟೋ. ಹೊರಗೆ ಟೇಬಲ್ ಹಾಕಿಕೊಂಡು ಕಂಪನಿಯವರು ಕೂತಿರುತ್ತಾರೆ: ಇವತ್ತೇ ಕಿಟ್ ಬುಕ್ ಮಾಡಿದರೆ ಇಷ್ಟು ಇಂಪ್ಲಾಂಟ್ ಫ್ರೀ. ಪಾಠ ಹೇಳಿದವರೂ ಅದೇ ಕಂಪನಿ ಕರೆಸಿದವರು. ಅವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಮೇಷ್ಟ್ರುಗಳನ್ನೂ ಅಲ್ಲಿ ಕಂಡಿದ್ದೇನೆ. ಆದರೆ ಸಾಮಾನು ಮಾರುವವರು ನಡೆಸುವ ಕ್ಲಾಸಿನಲ್ಲಿ ಒಂದು ಪಾಠ ಯಾವತ್ತೂ ಗಟ್ಟಿಯಾಗಿ ನಡೆಯುವುದಿಲ್ಲ. ಯಾರಿಗೆ ಇಂಪ್ಲಾಂಟ್ ಹಾಕಬಾರದು ಎನ್ನುವ ಪಾಠ.

ಸೋಮವಾರ ಆ ಹುಡುಗ ಅಥವಾ ಹುಡುಗಿ ಕ್ಲಿನಿಕ್‌ಗೆ ಹೋಗುತ್ತಾರೆ. ಅಲ್ಲಿ ಎದುರಿಗೆ ಕೂತವರು ಪೂರ್ತಿ ದುಡ್ಡು ಕೊಡುವ ಮೊದಲ ರೋಗಿ. ಪಕ್ಕದಲ್ಲಿ ಮೇಷ್ಟ್ರಿಲ್ಲ. ತೊಂದರೆ ಆದರೆ ತಕ್ಷಣ ಕರೆಯಲು ಸರ್ಜರಿ ವಿಭಾಗವಿಲ್ಲ. ಇದು ನಿಮ್ಮ ಪಠ್ಯಕ್ರಮ ಬಿಟ್ಟ ಜಾಗ. ಖಾಲಿ ಬಿಟ್ಟ ಜಾಗಕ್ಕೆ ಯಾರಾದರೂ ಬಂದೇ ಬರುತ್ತಾರೆ, ಅಲ್ವಾ?

ಆ ಮೊದಲ ರೋಗಿ ಯಾರು ಅಂತಲೂ ಹೇಳಬೇಕು. ನನ್ನ ಕುರ್ಚಿಯಲ್ಲಿ ಕೂರುವವರ ಬಗ್ಗೆಯೇ ಹೇಳುತ್ತೇನೆ. ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯಿಂದ ಹುಡುಗರಾಗಿದ್ದಾಗ ಬಂದು, ಹೋಟೆಲ್‌ಗಳಲ್ಲೇ ವಯಸ್ಸು ಕಳೆದವರು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದವರು. ಇವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ. ಎಲೆ-ಅಡಿಕೆ ಜಾಸ್ತಿ. ಮಹಾರಾಷ್ಟ್ರ 2012ರಲ್ಲೇ ಗುಟ್ಕಾ ನಿಷೇಧಿಸಿತು, ಆದರೆ ಬಾಯಿಗಳನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಭಾಗ ಗಟ್ಟಿಯಾಗಿ, ಮೂರು ಬೆರಳು ಹೋಗಬೇಕಾದ ಬಾಯಿಯಲ್ಲಿ ಒಂದೂವರೆ ಬೆರಳು ಕಷ್ಟದಲ್ಲಿ ಹೋಗುವ ಗಂಡಸರು ನನ್ನ ಬಳಿ ಬರುತ್ತಾರೆ. ಹಿಂದಿನ ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಬೇಕು ಅಂತಾರೆ. ಅಲ್ಲಿಗೆ ಹ್ಯಾಂಡ್‌ಪೀಸ್, ಅದರ ಮೇಲೆ ಡ್ರಿಲ್, ಎರಡೂ ನೇರವಾಗಿ ನಿಲ್ಲುವಷ್ಟು ಎತ್ತರವೇ ಇಲ್ಲ. ಅದಕ್ಕೂ ಮುಖ್ಯವಾಗಿ, ಆ ಬಾಯಿಗೆ ಮೊದಲು ಬೇಕಿರುವುದು ಕ್ಯಾನ್ಸರ್ ಅನುಮಾನಕ್ಕೆ ಬಯಾಪ್ಸಿ ಬೇಕೇ ಎಂದು ನೋಡುವ ಕಣ್ಣು. ಬೋರ್ಡ್‌ಗಳಲ್ಲಿ ಮಾತ್ರ ಮೂರೇ ದಿನದಲ್ಲಿ ಹಲ್ಲು ಅಂತ ಬರೆದಿರುತ್ತದೆ.

ವಯಸ್ಸಾದ ಹೆಂಗಸರ ಕಥೆ ಬೇರೆ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ತಗೊಳ್ತಾ ಇರುತ್ತಾರೆ. ಬಿಪಿ, ಶುಗರ್ ಕೇಳಿದರೆ ಹೇಳುತ್ತಾರೆ, ಈ ಮಾತ್ರೆಯನ್ನು ಹೇಳುವುದಿಲ್ಲ. ವಾರಕ್ಕೊಂದು ತಾನೇ, ಅದೂ ಒಂದು ಔಷಧವಾ ಅನ್ನುವ ಭಾವನೆ. ದವಡೆಯಲ್ಲಿ ಗಾಯ ಮಾಡುವ ಮೊದಲು ಈ ಮಾತ್ರೆಯ ಹೆಸರು ಹಿಡಿದು ಕೇಳಬೇಕು. ಅಪರೂಪಕ್ಕಾದರೂ ಆ ಔಷಧ ತಗೊಳ್ಳುವವರ ದವಡೆ ಮೂಳೆ ಗಾಯ ಮಾಯದೆ ಸಾಯುವುದುಂಟು. ಹೀಗೆ ಕೇಳುವುದನ್ನು ಕಲಿಸುವುದಕ್ಕೆ ಡ್ರಿಲ್ ಬೇಡ, ಕಿಟ್ ಬೇಡ. ಓಪಿಡಿಯಲ್ಲಿ ಮೇಷ್ಟ್ರು ಪಕ್ಕದಲ್ಲಿ ನಿಂತು, ಇನ್ನೇನು ಕೇಳಬೇಕಿತ್ತು ಅಂತ ಕೇಳಿದರೆ ಸಾಕು.

ಇನ್ನೊಂದು ವಿಷಯ. ಬಿಡಿಎಸ್ ಡಾಕ್ಟರ್ ಇಂಪ್ಲಾಂಟ್ ಹಾಕಲಿ ಬಿಡಲಿ, ಬೇರೆಯವರು ಹಾಕಿದ ಇಂಪ್ಲಾಂಟ್ ಅವರ ಕುರ್ಚಿಗೆ ಬಂದೇ ಬರುತ್ತದೆ. ಹೋಟೆಲ್‌ನಲ್ಲಿ ಕ್ಯಾಶಿಯರ್ ಆಗಿ ನಿವೃತ್ತರಾದ ಒಬ್ಬ ಹಿರಿಯರು ನನ್ನ ಬಳಿ ಬಂದಿದ್ದರು. ‘ಡಾಕ್ಟ್ರೇ, ಸ್ಕ್ರೂ ಹಾಕಿ ಕೂರಿಸಿದ ಹಲ್ಲು ಅಂದ್ರು. ಸ್ಕ್ರೂ ಹಾಕಿದ ಮೇಲೆ ಯಾಕೆ ಅಲ್ಲಾಡ್ಬೇಕು?’ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಎಕ್ಸ್‌ರೇ ತೆಗೆದೆ. ಮೂಳೆಯಲ್ಲಿ ಇಂಪ್ಲಾಂಟ್ ಗಟ್ಟಿಯಾಗಿಯೇ ಇತ್ತು. ಅದರ ಮೇಲೆ ಹಲ್ಲನ್ನು ಹಿಡಿದಿಡುವ ಚಿಕ್ಕ ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ.

ಆದರೆ ಯಾವ ಕಂಪನಿಯ ಇಂಪ್ಲಾಂಟ್? ಅವರಿಗೆ ಗೊತ್ತಿಲ್ಲ. ಹಾಕಿದ ಕ್ಲಿನಿಕ್ ಮುಚ್ಚಿತ್ತು. ಕೈಯಲ್ಲಿ ಒಂದು ರಸೀದಿ, ಅದರಲ್ಲಿ ಮೊತ್ತ ಮಾತ್ರ. ಒಂದು ಕಂಪನಿಯ ಸ್ಕ್ರೂ ತಲೆ ಆರು ಮೂಲೆಯದ್ದು, ಇನ್ನೊಂದರದ್ದು ನಕ್ಷತ್ರದ ಆಕಾರದ್ದು. ಆರು ಮೂಲೆಯದರಲ್ಲೂ ಅಳತೆ ಬೇರೆ ಬೇರೆ. ತಪ್ಪು ಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು, ಸ್ಕ್ರೂ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಗಟ್ಟಿಯಾಗಿರುವ ಇಂಪ್ಲಾಂಟ್ ಇದ್ದೂ ಉಪಯೋಗವಿಲ್ಲ. ಎಕ್ಸ್‌ರೇಯಲ್ಲಿ ಕಾಣುವ ಇಂಪ್ಲಾಂಟ್ ಮೈಮೇಲಿನ ಸುರುಳಿ ಗೆರೆಗಳ ಆಕಾರ, ಕುತ್ತಿಗೆಯ ಆಕಾರ ನೋಡಿ, ಇಬ್ಬರು ಪರಿಚಿತ ತಜ್ಞರಿಗೆ ಫೋಟೋ ಕಳಿಸಿ, ಕೊನೆಗೆ ಡ್ರೈವರ್ ಸಾಲ ತಂದು ಕೆಲಸ ಮುಗಿಸಿದ್ದಾಯಿತು. ಇದನ್ನು ಯಾರೂ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಈಗಲೂ ಕಲಿಸುವುದು ಕಡಿಮೆ ಅಂತ ನನ್ನ ಬಳಿ ಕೆಲಸಕ್ಕೆ ಸೇರುವ ಹೊಸ ಡಾಕ್ಟರ್‌ಗಳನ್ನು ನೋಡಿದರೆ ತಿಳಿಯುತ್ತದೆ. ಸ್ಕ್ರೂವನ್ನು ಅಳತೆಯ ಬಲದಲ್ಲಿ ಬಿಗಿ ಮಾಡುವ ಟಾರ್ಕ್ ರೆಂಚ್ ಕೈಯಲ್ಲಿ ಕೊಟ್ಟರೆ ಎಷ್ಟಕ್ಕೆ ನಿಲ್ಲಿಸಬೇಕು ಅಂತ ಮುಖ ನೋಡುತ್ತಾರೆ. ಅವರು ದಡ್ಡರಲ್ಲ. ರೂಟ್ ಕೆನಾಲ್ ಚೆನ್ನಾಗಿ ಮಾಡುತ್ತಾರೆ. ಮುಟ್ಟಿಯೇ ನೋಡದ ಸಾಮಾನನ್ನು ಬಳಸು ಅಂದರೆ ಯಾರಾದರೂ ಏನು ಮಾಡಿಯಾರು?

ಸಿಮೆಂಟ್ ಹಾಕಿ ಕೂರಿಸಿದ ಕ್ಯಾಪ್‌ಗಳದ್ದು ಇನ್ನೊಂದು ರಗಳೆ. ಹೆಚ್ಚಾದ ಸಿಮೆಂಟ್ ವಸಡಿನ ಕೆಳಗೆ ಉಳಿದುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೂ ಆಗದೆ, ಆಮೇಲೆ ವಸಡು ಬಾತು ಕೀವು ಬರುತ್ತದೆ. ಇಂಪ್ಲಾಂಟ್‌ಗೆ ನೋವು ಗೊತ್ತಾಗುವ ಹಲ್ಲಿನ ನರ ಇಲ್ಲ. ಹಾಗಾಗಿ ರೋಗಿ ಬರುವ ಹೊತ್ತಿಗೆ ಸುತ್ತಲಿನ ಮೂಳೆ ಕರಗಿರುತ್ತದೆ. ಹೊಸ ಡಾಕ್ಟರ್ ಅದನ್ನು ಮಾಮೂಲಿ ವಸಡಿನ ತೊಂದರೆ ಅಂದುಕೊಂಡು ಆ್ಯಂಟಿಬಯಾಟಿಕ್ ಬರೆದು ಕಳಿಸುತ್ತಾರೆ. ಇಂಪ್ಲಾಂಟ್ ಸುತ್ತ ಪ್ರೋಬ್ (ವಸಡಿನ ಆಳ ಅಳೆಯುವ ಕಡ್ಡಿ) ಹಾಕಿ ನೋಡುವುದು, ಹಲ್ಲು ಕೂರಿಸಿದ ದಿನದ ಎಕ್ಸ್‌ರೇ ಜೊತೆ ಹೋಲಿಸುವುದು ಅಭ್ಯಾಸವಾಗಿದ್ದರೆ ಮೊದಲೇ ಸಿಗುತ್ತಿತ್ತು.

ಈ ತಂತ್ರ ಹೇಗೆ ಬಂತು ಅನ್ನುವುದರಲ್ಲೂ ನಮಗೊಂದು ಪಾಠ ಇದೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ದಂತವೈದ್ಯರಲ್ಲ. ಮೂಳೆಯ ಒಳಗೆ ರಕ್ತ ಹೇಗೆ ಓಡುತ್ತದೆ ಅಂತ ನೋಡಲು 1952ರಲ್ಲಿ ಮೊಲದ ಕಾಲಿನ ಮೂಳೆಗೆ ಟೈಟಾನಿಯಂನ ಪುಟ್ಟ ಸಾಧನ ಕೂರಿಸಿದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದಕ್ಕೆ ಅಂಟಿಕೊಂಡು ಬೆಳೆದಿತ್ತು. ಅವರು ಮರುದಿನವೇ ಮನುಷ್ಯರಿಗೆ ಹಾಕಲಿಲ್ಲ. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬ ರೋಗಿಗೆ ಮೊದಲ ಸಲ ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಂಡಾಗಲೂ ಅವು ಕೆಲಸ ಮಾಡುತ್ತಿದ್ದವು. ಹೊರಗಿನ ದಂತವೈದ್ಯರು ಇದನ್ನು ಗಂಭೀರವಾಗಿ ತಗೊಂಡದ್ದು 1982ರ ಟೊರೊಂಟೊ ಸಮ್ಮೇಳನದ ನಂತರ. ಮೊಲದಿಂದ ಅಲ್ಲಿಗೆ ಮೂವತ್ತು ವರ್ಷ. ನಾವು ಅದನ್ನು ಶನಿವಾರ-ಭಾನುವಾರಕ್ಕೆ ಇಳಿಸಿದ್ದೇವೆ.

ಮೂಳೆ ಅಂಟಿಕೊಳ್ಳಬೇಕಾದರೆ ಅದು ಬದುಕಿರಬೇಕು. ಡ್ರಿಲ್ ಮಾಡುವಾಗ ಮೂಳೆ 47 ಡಿಗ್ರಿ ಸೆಲ್ಸಿಯಸ್‌ಗೆ ಒಂದು ನಿಮಿಷ ಬಿಸಿಯಾದರೆ ಸಾಕು, ಅದಕ್ಕೆ ಪೆಟ್ಟಾಗುತ್ತದೆ ಅಂತ 1980ರ ದಶಕದಲ್ಲೇ ತೋರಿಸಿದ್ದಾರೆ. ಅದಕ್ಕೇ ಸಲೈನ್ ಸುರಿಯುತ್ತಾ, ಚಿಕ್ಕ ಡ್ರಿಲ್‌ನಿಂದ ದೊಡ್ಡದಕ್ಕೆ ಹಂತ ಹಂತವಾಗಿ ಹೋಗಬೇಕು. ಡ್ರಿಲ್ ಮೊಂಡಾಗಿದ್ದರೆ ಬದಲಾಯಿಸಬೇಕು. ಮೊಂಡಾದ ಡ್ರಿಲ್ ಕೈಗೆ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಸ್ಲೈಡ್‌ನಲ್ಲಿ ತೋರಿಸಲು ಬರುವುದಿಲ್ಲ. ಕೆಳದವಡೆಯ ಒಳಗೆ ನರ ಓಡುತ್ತದೆ. ಅದಕ್ಕೂ ಇಂಪ್ಲಾಂಟ್ ತುದಿಗೂ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡಬೇಕು. ತಪ್ಪಿದರೆ ತುಟಿ ಮರಗಟ್ಟುತ್ತದೆ, ಕೆಲವರಿಗೆ ಜೀವನಪೂರ್ತಿ. ಮುಂಭಾಗ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲೂ ದವಡೆಯ ನಾಲಿಗೆ ಕಡೆಯ ಗೋಡೆ ತೂತಾದರೆ ಬಾಯಿಯ ತಳದಲ್ಲಿ ರಕ್ತ ತುಂಬಿ, ನಾಲಿಗೆ ಮೇಲೆದ್ದು, ಉಸಿರು ಕಟ್ಟಬಹುದು. ಇದು ಆಸ್ಪತ್ರೆಗೆ ಓಡಬೇಕಾದ ತುರ್ತು. ಮುಂಬೈಯ ಸಂಜೆಯ ಟ್ರಾಫಿಕ್‌ನಲ್ಲಿ ಓಡುವುದು ಎಲ್ಲಿಂದ ಬಂತು.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಬಿಡಿಎಸ್‌ನವರಿಗೆ ಇದು ಬೇಡವೇ ಬೇಡ ಅಂತ ಕೆಲವರು ಹೇಳುತ್ತಾರೆ. ನಾನು ಉಲ್ಟಾ ಹೇಳುತ್ತೇನೆ. ಅಪಾಯ ಇರುವುದಕ್ಕೇ ಕಾಲೇಜಿನಲ್ಲಿ ಕಲಿಸಬೇಕು. ಬಿಡಿಎಸ್ ಮಾಡಿದವರು ಇಂಪ್ಲಾಂಟ್ ಹಾಕುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಎಂಡಿಎಸ್‌ನ ಒಂಬತ್ತು ವಿಭಾಗಗಳಲ್ಲಿ ಇಂಪ್ಲಾಂಟ್ ಎನ್ನುವ ಬೇರೆ ವಿಭಾಗವೇ ಇಲ್ಲ. ಕೃತಕ ಹಲ್ಲಿನ ಪ್ರಾಸ್ತೊಡಾಂಟಿಕ್ಸ್, ವಸಡಿನ ಪೆರಿಯೊ, ಓರಲ್ ಸರ್ಜರಿ, ಮೂವರೂ ತಮ್ಮದು ಅನ್ನುತ್ತಾರೆ. ಆ ಜಗಳದ ನಡುವೆ ಬಿಡಿಎಸ್ ವಿದ್ಯಾರ್ಥಿಯನ್ನು ಯಾರೂ ತಮ್ಮವರು ಅನ್ನುವುದಿಲ್ಲ.

ಎಲ್ಲಿಂದ ಶುರು ಮಾಡುವುದು? ನನ್ನ ಉತ್ತರ, ಸೆಟ್ ಹಲ್ಲಿನಿಂದ.

ಬಿಡಿಎಸ್ ವಿದ್ಯಾರ್ಥಿಗಳು ಪೂರ್ತಿ ಸೆಟ್ ಮಾಡುವುದು ಈಗಾಗಲೇ ಕೋಟಾದಲ್ಲಿದೆ, ಅಂದರೆ ಮಾಡಿ ಮುಗಿಸಲೇಬೇಕಾದ ಕೇಸ್‌ಗಳ ಲೆಕ್ಕದಲ್ಲಿದೆ. ಹಲ್ಲೇ ಇಲ್ಲದ ಅಜ್ಜ-ಅಜ್ಜಿಯರು ಓಪಿಡಿಗೆ ಬರುತ್ತಾರೆ. ವಿದ್ಯಾರ್ಥಿಗಳು ಅಳತೆ ತಗೊಂಡು, ಮೇಣದಲ್ಲಿ ಹಲ್ಲು ಜೋಡಿಸಿ, ಸೆಟ್ ಕೊಡುತ್ತಾರೆ. ಮೇಲಿನ ಸೆಟ್ ಅಂಗುಳಕ್ಕೆ ಹಿಡಿದು ನಿಲ್ಲುತ್ತದೆ. ಕೆಳಗಿನದು ನಾಲಿಗೆ ಅಲುಗಿದರೆ ಎದ್ದುಬಿಡುತ್ತದೆ. ಎಷ್ಟು ಅಜ್ಜಿಯರು ಕೆಳಗಿನ ಸೆಟ್ಟನ್ನು ಡಬ್ಬಿಯಲ್ಲಿಟ್ಟು ಬರಿ ಮೇಲಿನದನ್ನು ಹಾಕಿಕೊಂಡು ಮದುವೆ ಮನೆಗೆ ಹೋಗುವುದಿಲ್ಲ! ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಹಾಕಿ, ಗುಂಡಿಯಂಥ ಸಾಧನದಿಂದ ಸೆಟ್ಟನ್ನು ಅದಕ್ಕೆ ಸಿಕ್ಕಿಸಿದರೆ ಅದು ನಿಲ್ಲುತ್ತದೆ. ಹಲ್ಲಿಲ್ಲದ ಕೆಳದವಡೆಗೆ ಇದನ್ನೇ ಮೊದಲ ಆಯ್ಕೆಯಾಗಿ ಕೊಡಬೇಕು ಅಂತ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ ತಜ್ಞರು ಒಮ್ಮತದಿಂದ ಹೇಳಿದ್ದಾರೆ. ನಮ್ಮಲ್ಲಿ ಇನ್ನೂ ಇದು ಶ್ರೀಮಂತರ ಚಿಕಿತ್ಸೆ.

ಇದರಲ್ಲಿ ಮೂಳೆ ಕೊರೆಯುವ ಕೆಲಸವನ್ನು ಮೇಷ್ಟ್ರೋ ಪಿಜಿಯೋ ಮಾಡಲಿ, ವಿದ್ಯಾರ್ಥಿ ಅಸಿಸ್ಟ್ ಮಾಡಲಿ. ಯೋಜನೆ ವಿದ್ಯಾರ್ಥಿಯದ್ದು. ಸೆಟ್ ವಿದ್ಯಾರ್ಥಿಯದ್ದು. ಸಿಕ್ಕಿಸುವ ಸಾಧನ ಕೂರಿಸುವುದು, ಸವೆದ ರಬ್ಬರ್ ರಿಂಗ್ ಬದಲಾಯಿಸುವುದು, ಹೇಗೆ ತೊಳೆಯಬೇಕು ಅಂತ ಅಜ್ಜಿಗೆ ಹೇಳಿಕೊಡುವುದು, ಆರು ತಿಂಗಳಿಗೊಮ್ಮೆ ಕರೆದು ನೋಡುವುದು ವಿದ್ಯಾರ್ಥಿಯದ್ದು. ಇಬ್ಬರು ವಿದ್ಯಾರ್ಥಿಗಳಿಗೆ ಒಬ್ಬ ರೋಗಿ ಸಾಕು. ಕೊರೆಯುವ ಅಭ್ಯಾಸ ಎಲ್ಲರಿಗೂ ಆಗಲಿ, ಆದರೆ ಬೊಂಬೆ ಬಾಯಿಯಲ್ಲಿ ಅಭ್ಯಾಸ ಮಾಡುವ ಫ್ಯಾಂಟಮ್ ಲ್ಯಾಬ್‌ನಲ್ಲಿ, ಕಟುಕರ ಅಂಗಡಿಯಿಂದ ತಂದ ಮೇಕೆಯ ದವಡೆಯಲ್ಲಿ. ಪ್ಲಾಸ್ಟಿಕ್‌ಗಿಂತ ಅದು ಕೈಗೆ ಜಾಸ್ತಿ ಹೇಳಿಕೊಡುತ್ತದೆ. ಇಂಟರ್ನ್‌ಶಿಪ್‌ನಲ್ಲಿ ಕೈ ಚೆನ್ನಾಗಿದೆ ಅಂತ ಮೇಷ್ಟ್ರಿಗೆ ಅನ್ನಿಸಿದವರು, ಮೂಳೆ ಧಾರಾಳವಾಗಿರುವ, ನರ ದೂರವಿರುವ, ಒಂದೇ ಹಲ್ಲು ಹೋಗಿರುವ ಆರೋಗ್ಯವಂತರಿಗೆ, ಮೇಷ್ಟ್ರು ಪಕ್ಕದಲ್ಲಿದ್ದು ಒಂದನ್ನು ಹಾಕಲಿ. ಹಾಕದವರಿಗೆ ಕಡಿಮೆ ಅಂಕ ಬೇಡ. ಬೇಡ ಅಂತ ಗುರುತಿಸಿ ಬೇರೆ ಚಿಕಿತ್ಸೆ ಸೂಚಿಸಿದ ಕೇಸನ್ನೂ ಕೋಟಾದಲ್ಲಿ ಎಣಿಸಿ. ಇದೊಂದು ಬದಲಾವಣೆ ಮಾಡಿದರೂ ನಾನು ಖುಷಿ.

ಇದು ನನ್ನ ತಲೆಯಿಂದ ಹುಟ್ಟಿದ ಹೊಸ ಸಂಗತಿ ಏನಲ್ಲ. ಯುರೋಪಿನ ದಂತ ಶಿಕ್ಷಕರು 2008ರಲ್ಲೇ ಪ್ರಾಗ್‌ನಲ್ಲಿ ಸೇರಿ, ಡಿಗ್ರಿ ಮಟ್ಟದಲ್ಲಿ ಇಂಪ್ಲಾಂಟ್‌ನ ಯಾವ ಭಾಗವನ್ನು ಎಷ್ಟು ಕಲಿಸಬೇಕು ಅಂತ ಚರ್ಚಿಸಿದ್ದರು. ಅವರ ಪಟ್ಟಿಯನ್ನೇ ಇಲ್ಲಿಗೆ ಇಳಿಸಿ ಅನ್ನುತ್ತಿಲ್ಲ. ಅಡಿಕೆ ಜಗಿಯುವ ಬಾಯಿ ಅವರ ಪಠ್ಯದಲ್ಲಿ ಎಲ್ಲಿಂದ ಬರಬೇಕು.

ಈಗ ಆಕ್ಷೇಪಗಳು. ಸಮಯ ಇಲ್ಲ ಅನ್ನುತ್ತೀರಿ. ಮೂಳೆ ಅಂಟಲು ತಿಂಗಳುಗಳೇ ಬೇಕು, ಇಂಟರ್ನ್‌ಗಳು ವಿಭಾಗದಿಂದ ವಿಭಾಗಕ್ಕೆ ಓಡುತ್ತಿರುತ್ತಾರೆ. ನಿಜ. ಅದಕ್ಕೇ ರೋಗಿಯನ್ನು ಕೊನೆಯ ವರ್ಷದಲ್ಲೇ ಹಂಚಿ, ಇಂಟರ್ನ್‌ಶಿಪ್ ಮುಗಿಯುವ ತನಕ ಅದೇ ವಿದ್ಯಾರ್ಥಿಗಳಿಗೆ ಬಿಡಿ.

ಮೊದಲು ಹಲ್ಲು ಸರಿಯಾಗಿ ಕೀಳಲು ಕಲಿಯಲಿ ಅನ್ನುವ ಮೇಷ್ಟ್ರುಗಳಿದ್ದಾರೆ. ಈ ಮಾತಿಗೆ ನನ್ನ ಅರ್ಧ ಮತ ಇದೆ. ಕೀಳಲೇಬೇಕಿಲ್ಲದ ಹಲ್ಲನ್ನು ಕಿತ್ತು ಇಂಪ್ಲಾಂಟ್ ಹಾಕುವುದು ಈ ಊರಿನಲ್ಲಿ ನಡೆಯುತ್ತದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ರೂಟ್ ಕೆನಾಲ್ ಮಾಡಲು ಹಿಂಜರಿಯುವ ಡಾಕ್ಟರ್ ಕೈಗೆ ಇಂಪ್ಲಾಂಟ್ ಕಿಟ್ ಸಿಕ್ಕರೆ ಉಳಿಯಬಹುದಾದ ಹಲ್ಲು ಹೋಗುತ್ತದೆ. ಆದರೆ ಹಲ್ಲು ಉಳಿಸುವುದಾ, ಕೀಳುವುದಾ, ಬ್ರಿಡ್ಜ್ ಮಾಡುವುದಾ, ಇಂಪ್ಲಾಂಟ್ ಹಾಕುವುದಾ, ಅಥವಾ ಸುಮ್ನೆ ಬಿಟ್ಟುಬಿಡುವುದಾ ಅಂತ ಒಂದೇ ರೋಗಿಯ ಮುಂದೆ ನಿಂತು ಯೋಚಿಸಲು ಕಲಿಸುವ ಜಾಗ ಕಾಲೇಜು ಒಂದೇ. ಅಲ್ಲಿ ಡಾಕ್ಟರ್‌ಗೆ ಇಂಪ್ಲಾಂಟ್‌ನಿಂದ ಜಾಸ್ತಿ ದುಡ್ಡು, ರೂಟ್ ಕೆನಾಲ್‌ನಿಂದ ಕಮ್ಮಿ ದುಡ್ಡು ಅನ್ನುವ ಲೆಕ್ಕ ಇರುವುದಿಲ್ಲ.

ತಜ್ಞರಿಗೆ ಹೊಟ್ಟೆಪಾಡಿನ ಭಯ ಇದೆ. ಅದನ್ನು ಬೇರೆ ಮಾತಿನಲ್ಲಿ ಹೇಳುತ್ತಾರೆ ಅಷ್ಟೇ. ಮೂಳೆ ಕಸಿ, ಮೇಲ್ದವಡೆಯಲ್ಲಿ ಸೈನಸ್‌ನ ತಳ ಎತ್ತಿ ಜಾಗ ಮಾಡುವ ಶಸ್ತ್ರಚಿಕಿತ್ಸೆ, ಪೂರ್ತಿ ಬಾಯಿಯ ಕೇಸ್‌ಗಳು ಅವರ ಬಳಿಯೇ ಹೋಗಬೇಕು, ಹೋಗುತ್ತವೆ. ಎಲ್ಲಿ ತನ್ನ ಕೈ ನಿಲ್ಲಬೇಕು ಅಂತ ಗೊತ್ತಿರುವ ಬಿಡಿಎಸ್ ಡಾಕ್ಟರ್ ಅವರಿಗೆ ರೋಗಿಗಳನ್ನು ಬೇಗ ಕಳಿಸುತ್ತಾರೆ, ಕೆಟ್ಟ ಮೇಲೆ ಕಳಿಸುವುದಿಲ್ಲ.

ಕಷ್ಟದ ಪ್ರಶ್ನೆ ದುಡ್ಡು. ಒಂದು ಇಂಪ್ಲಾಂಟ್ ಹಲ್ಲು ಖಾಸಗಿ ಕ್ಲಿನಿಕ್‌ನಲ್ಲಿ ಹೋಟೆಲ್ ಮಾಣಿಯ ಎರಡು-ಮೂರು ತಿಂಗಳ ಸಂಬಳ. ಕಾಲೇಜಿನಲ್ಲಿ ಕೊಡುವವರು ಯಾರು? ಸುಲಭದ ದಾರಿ ಕಂಪನಿಗಳು. ಕೇಳಿದರೆ ಫ್ರೀ ಕಿಟ್, ಫ್ರೀ ಇಂಪ್ಲಾಂಟ್, ಬೇಕಾದರೆ ಲ್ಯಾಬ್‌ಗೆ ಎಸಿ ಕೂಡ ಕೊಟ್ಟಾರು. ದಯವಿಟ್ಟು ಬೇಡ. ಹುಡುಗರ ಕೈಗೆ ಯಾವ ಡ್ರೈವರ್ ಅಭ್ಯಾಸವಾಗುತ್ತದೋ ಮುಂದೆ ಅದನ್ನೇ ಕೊಳ್ಳುತ್ತಾರೆ, ಇದು ಕಂಪನಿಗೆ ನಮಗಿಂತ ಚೆನ್ನಾಗಿ ಗೊತ್ತು. ಹೋಟೆಲ್ ಹಾಲ್‌ನಲ್ಲಿ ನಡೆಯುವುದನ್ನೇ ಕಾಲೇಜಿನ ಒಳಗೆ ಕರೆದ ಹಾಗಾಗುತ್ತದೆ. ಸರ್ಕಾರಿ ಆಸ್ಪತ್ರೆಗಳು ಔಷಧ ಕೊಳ್ಳುವ ಹಾಗೆ ಟೆಂಡರ್ ಕರೆದು, ಕನಿಷ್ಠ ಎರಡು ಕಂಪನಿಯ ಸಾಮಾನು ಕೊಳ್ಳಿ. ಮುಂಬೈಯಲ್ಲಿ ಫೋರ್ಟ್‌ನ ಸರ್ಕಾರಿ ದಂತ ಕಾಲೇಜು ಇದೆ, ಮಹಾನಗರ ಪಾಲಿಕೆಯ ನಾಯರ್ ದಂತ ಕಾಲೇಜು ಇದೆ. ಈ ಎರಡರ ಓಪಿಡಿಗೆ ಬರುವ ಜನಸಂದಣಿ ಯಾವ ಖಾಸಗಿ ಕಾಲೇಜಿಗೂ ಇಲ್ಲ. ಸೆಟ್ ಹಲ್ಲಿನ ಯೋಜನೆಯನ್ನು ಇಲ್ಲಿ ಶುರು ಮಾಡಬಹುದು. ಖಾಸಗಿ ಕಾಲೇಜುಗಳು ತಗೊಳ್ಳುವ ಫೀಸು ಎಷ್ಟು ಅಂತ ಇದನ್ನು ಓದುತ್ತಿರುವ ತಂದೆ-ತಾಯಿಯರಿಗೆ ಗೊತ್ತು. ಅವರು ದುಡ್ಡಿಲ್ಲ ಅಂದರೆ ನಗು ಬರುತ್ತದೆ. ನಮ್ಮ ಸಮಾಜದ ಸಂಘಗಳೂ ಕೈ ಹಾಕಬಹುದು. ಕನ್ನಡಿಗರ ಸಂಘಗಳು ವರ್ಷ ವರ್ಷ ದಂತ ತಪಾಸಣಾ ಶಿಬಿರ ಮಾಡಿ ಟೂತ್‌ಪೇಸ್ಟ್ ಹಂಚುತ್ತವೆ. ಆ ದುಡ್ಡನ್ನು ಕೂಡಿಸಿ ಕೆಲವು ಅಜ್ಜಿಯರ ಎರಡೆರಡು ಇಂಪ್ಲಾಂಟ್ ಖರ್ಚು ಕಾಲೇಜಿಗೆ ಕಟ್ಟಿದರೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ವಿದ್ಯಾರ್ಥಿಯ ಕೈಗೆ ನಮ್ಮ ಹಿರಿಯರನ್ನು ಒಪ್ಪಿಸುವುದಾ ಅಂತ ಯಾರಾದರೂ ಕೇಳಬಹುದು. ಕೇಳಲೇಬೇಕು. ಕಾಲೇಜಿನಲ್ಲಿ ವಿದ್ಯಾರ್ಥಿ ಒಬ್ಬರೇ ಇರುವುದಿಲ್ಲ. ಎಕ್ಸ್‌ರೇಯನ್ನು ಇಬ್ಬರು ಮೂವರು ನೋಡಿರುತ್ತಾರೆ. ಸಹಿ ಹಾಕುವ ಮೊದಲು ವಿಷಯವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಬೇಡ ಅನ್ನುವ ಹಕ್ಕು ಇರಬೇಕು, ಬೇಡ ಅಂದರೆ ಮಾಮೂಲಿ ಸೆಟ್ ಸಿಗಬೇಕು. ಇದನ್ನೆಲ್ಲ ನಿಯಮದಲ್ಲಿ ಬರೆಯಿರಿ.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಪರೀಕ್ಷೆಗೆ ಬರದ್ದನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ. 1948ರ ದಂತವೈದ್ಯರ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಒಪ್ಪಿದೆ. ಅದರಲ್ಲಿ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆಯ ಮಾತಿದೆ. ಆ ಪ್ರಶ್ನೆಪತ್ರಿಕೆಯಲ್ಲಿ ಇಂಪ್ಲಾಂಟ್ ಕಂಡುಹಿಡಿದವರು ಯಾರು ಅಂತ ದಯವಿಟ್ಟು ಕೇಳಬೇಡಿ. ಪೂರ್ತಿ ದವಡೆ ಕಾಣುವ ಒಂದು ಒಪಿಜಿ ಎಕ್ಸ್‌ರೇ, ಒಬ್ಬ ರೋಗಿಯ ಔಷಧಗಳ ಪಟ್ಟಿ, ಶುಗರ್ ರಿಪೋರ್ಟ್ ಕೊಟ್ಟು, ಇವರಿಗೆ ಏನು ಮಾಡುತ್ತೀರಿ ಅಂತ ಕೇಳಿ. ದೆಹಲಿಯಲ್ಲಿ ಏನಾಗುತ್ತದೋ ಆಗಲಿ, ಲಾಗ್‌ಬುಕ್‌ಗೆ ಒಂದು ಪುಟ ಸೇರಿಸುವುದು, ವೈವಾದಲ್ಲಿ ಒಂದು ಎಕ್ಸ್‌ರೇ ಇಡುವುದು ಕುಲಪತಿಗಳೇ, ನಾಸಿಕ್‌ನಲ್ಲೇ ಶುರುವಾಗಬಹುದು.

ಜೊತೆಗೆ ಒಂದು ಕಾರ್ಡ್. ಕಾಲೇಜಿನಲ್ಲಿ ಹಾಕಿದ ಪ್ರತಿ ಇಂಪ್ಲಾಂಟ್‌ಗೂ ರೋಗಿಯ ಕೈಗೆ ಒಂದು ಗಟ್ಟಿ ಕಾರ್ಡ್ ಕೊಡಿಸಿ. ಕಂಪನಿಯ ಹೆಸರು, ಮಾದರಿ, ವ್ಯಾಸ, ಉದ್ದ, ಲಾಟ್ ನಂಬರ್, ಹಾಕಿದ ದಿನ, ಸ್ಕ್ರೂಗೆ ಯಾವ ಡ್ರೈವರ್. ಇಂಪ್ಲಾಂಟ್ ಪ್ಯಾಕೆಟ್ ಮೇಲೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಇದರಲ್ಲಿ ಹೆಚ್ಚಿನದು ಇರುತ್ತದೆ, ಕಿತ್ತು ಅಂಟಿಸಿದರೆ ಆಯ್ತು. ಕಾಲೇಜಿನಲ್ಲಿ ಅಭ್ಯಾಸವಾದರೆ ಕ್ಲಿನಿಕ್‌ಗೂ ಬರುತ್ತದೆ. ಓದುಗರಿಗೂ ಹೇಳುತ್ತೇನೆ: ನಿಮಗೋ ಮನೆಯವರಿಗೋ ಇಂಪ್ಲಾಂಟ್ ಆಗಿದ್ದರೆ, ಹಾಕಿದ ಡಾಕ್ಟರ್ ಬಳಿ ಹೋಗಿ ಈ ವಿವರ ಬರೆಸಿಕೊಂಡು ಬನ್ನಿ. ಊರಿಗೆ ಹೋದಾಗ ಅಲ್ಲಿನ ಡಾಕ್ಟರ್‌ಗೂ ಬೇಕಾಗುತ್ತದೆ.

ಬೇರೆಯವರ ಕೆಲಸ ಕೆಟ್ಟು ನನ್ನ ಬಳಿ ಬಂದ ಇಂಪ್ಲಾಂಟ್‌ಗಳ ಎಕ್ಸ್‌ರೇ, ಫೋಟೋಗಳು ನನ್ನಲ್ಲಿವೆ. ರೋಗಿಗಳ ಒಪ್ಪಿಗೆ ಪಡೆದವನ್ನು ಮಾತ್ರ, ಹೆಸರು ಅಳಿಸಿ, ಪಾಠಕ್ಕೆ ಕೊಡಲು ತಯಾರಿದ್ದೇನೆ. ನನ್ನಂಥ ಇನ್ನೂ ಕೆಲವು ಡಾಕ್ಟರ್‌ಗಳು ಕೊಡಲು ಒಪ್ಪಿದ್ದಾರೆ. ಶನಿವಾರ ಮಧ್ಯಾಹ್ನ ಬಂದು ವಿದ್ಯಾರ್ಥಿಗಳ ಜೊತೆ ಕೂತು ಅವನ್ನು ನೋಡುವುದಕ್ಕೂ ತೊಂದರೆಯಿಲ್ಲ, ಸಂಭಾವನೆ ಬೇಡ. ಯಾವ ಕಾಲೇಜಿನ ಯಾವ ವಿಭಾಗಕ್ಕೆ ಕಳಿಸಬೇಕು ಅನ್ನುವುದನ್ನು ಮಾತ್ರ ತಿಳಿಸಿ.

ಇಂತಿ,
ಭಾಂಡುಪ್‌ನ ಒಬ್ಬ ದಂತವೈದ್ಯೆ